ಅಪ್ಪನ ಮುದುಕಿ ವೇಷ

ಥಾಯ್ ಬಿನ್
೧೪ ಮಾರ್ಚ್ ೨೦೧೦

ನನ್ನ ಮುದ್ದು ಮೆನ್,

ನೀನು, ಅಳಿಯಂದಿರು, ಪುಟ್ಟ ಮೊಮ್ಮಗಳು ಬೊಂಗ್ ಎಲ್ಲರೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ಇಲ್ಲಿ ಈ ವಾರ ಮನೆತುಂಬ ಹಬ್ಬ. ನಿನ್ನ ಅಪ್ಪನಿಗೆ ಪಿಂಚಣಿ ಮಂಜೂರಾಯಿತು! ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಫೋನು ಕಿತ್ತುಕೊಂಡು ತಮ್ಮದೇ ಕಥೆ ಹೇಳುತ್ತಾರೆ. ಅದಕ್ಕೇ ಅವರು ಬಾತುಕೋಳಿಗಳನ್ನು ಅಟ್ಟಿಕೊಂಡು ಗದ್ದೆ ಕಡೆ ಹೋಗಿರುವಾಗ ಬರೆಯಲು ಕೂತಿದ್ದೇನೆ.

ಯುದ್ಧದಲ್ಲಿ ವಿಷದ ಮದ್ದು ಮೈಮೇಲೆ ಬಿದ್ದ ಸೈನಿಕರಿಗೆ ಸರ್ಕಾರ ಕೊಡುವ ಪಿಂಚಣಿ ಅದು. ಅಪ್ಪನ ಅರ್ಜಿ ಎರಡು ಸಲ ವಾಪಸು ಬಂದದ್ದು ನಿನಗೆ ಗೊತ್ತಲ್ಲ. ಸಕ್ಕರೆ ಕಾಯಿಲೆಯಿದೆ, ಪಾದ ಮರಗಟ್ಟಿದೆ, ಚಪ್ಪಲಿ ಕಳಚಿ ಬಿದ್ದರೂ ತಿಳಿಯುವುದಿಲ್ಲ; ಅದನ್ನೆಲ್ಲ ಡಾಕ್ಟರೇ ಒಪ್ಪಿದರು. ಆದರೆ ಅಮೆರಿಕದ ವಿಮಾನಗಳು ಮದ್ದು ಸುರಿದ ಕಾಡಿನಲ್ಲಿ ಅವರಿದ್ದರು ಎನ್ನುವುದಕ್ಕೆ ಸಾಕ್ಷಿಯೇ ಇಲ್ಲ. ಸೈನ್ಯದ ಕಾಗದಗಳು ಪ್ರವಾಹದಲ್ಲಿ ಹೋದವು. ಸೈನಿಕರಿಗೆ ನಮ್ಮ ಹಳ್ಳಿಯ ಹಾಡು-ಕುಣಿತದ ಚೆಯೊ ಆಟ ಆಡಿ ತೋರಿಸುತ್ತಿದ್ದ ಅವರ ತಂಡ ಒಂದೇ ಬಾಂಬಿಗೆ ಹೋಯಿತು. ಆ ದಿನ ಮಲೇರಿಯಾ ಬಂದು ಆಸ್ಪತ್ರೆಯಲ್ಲಿ ಮಲಗಿದ್ದರಿಂದ ಹಾಸ್ಯಗಾರನೊಬ್ಬ ಉಳಿದ. ಅವರೇ ನಿನ್ನ ಅಪ್ಪ.

ಕಚೇರಿಯ ಹುಡುಗಿ ಜಿಯೆಪ್ ಒಳ್ಳೆಯವಳು. "ದೊಡ್ಡಪ್ಪ, ನಾನು ನಂಬ್ತೀನಿ. ಆದ್ರೆ ನಾನೊಬ್ಳು ನಂಬಿದ್ರೆ ಸಾಲದಲ್ಲ. ಅಲ್ಲಿ ನಿಮ್ಮನ್ನ ಕಂಡೋರು ಯಾರೂ ಇಲ್ವಾ?" ಎಂದಳು.

"ಸಾವಿರಾರು ಜನ ಕಂಡಿದಾರಮ್ಮ," ಎಂದರು ಅಪ್ಪ. "ಆದ್ರೆ ಅವರು ಕಂಡಿದ್ದು ನನ್ನನ್ನಲ್ಲ. ಲಂಗ ಉಟ್ಕೊಂಡು ಹಲ್ಲಿಗೆ ಕಪ್ಪು ಬಳ್ಕೊಂಡಿದ್ದ ಒಬ್ಬ ಮುದುಕೀನ."

ಮನೆಗೆ ಬರುವ ದಾರಿಯಲ್ಲಿ ಆ ಮಾತು ನನ್ನ ತಲೆ ಹೊಕ್ಕಿತು. ಹೊಸ ವರ್ಷದ ಹಬ್ಬ ಮುಗಿದ ಮೇಲೆ, ಆ ಕಾಡುದಾರಿಯಲ್ಲಿ ಲಾರಿ ಓಡಿಸಿದ ಹಳೆಯ ಸೈನಿಕರು ಪೇಟೆಯಲ್ಲಿ ಸೇರುತ್ತಾರಲ್ಲ, ಅಲ್ಲಿಗೆ ಹೋಗೋಣ ಎಂದೆ.

"ಗುರುತಿಲ್ಲದೋರ ಊಟದ ಪಂಕ್ತೀಲಿ ನಿಂತು ಕೈ ಚಾಚ್ಲಾ? ನಾನು ಬರಲ್ಲ ಕಣೇ."

"ಕೈ ಚಾಚೋದು ಬೇಡ. ಸೊಂಟ ಕುಣಿಸಿ, ಸಾಕು," ಎಂದೆ.

ನನ್ನ ಅಮ್ಮನ ಕಂದು ರವಿಕೆ, ಕರಿ ಲಂಗ ತೊಡಿಸಿ, ಎದೆಗೆ ಎರಡು ಚಕ್ಕೋತ ಕಟ್ಟಿ, ಸೈಕಲ್ಲಿನ ಹಿಂದೆ ಕೂರಿಸಿಕೊಂಡು ತುಳಿದೆ. ದಾರಿಯಲ್ಲಿ ಕಂಡ ಹೆಂಗಸರೆಲ್ಲ "ಥೋಮಕ್ಕ, ಯಾರಿದು ಹೊಸ ಅತ್ತೆ?" ಎಂದು ಕೂಗಿದರು. ಅಪ್ಪ ಅವರಿಗೆಲ್ಲ ಕಣ್ಣು ಹೊಡೆಯುತ್ತ ಬಂದರು. ಬರಲ್ಲ ಎಂದು ಹಟ ಹಿಡಿದ ಮನುಷ್ಯ ಇವರೇನಾ ಅನ್ನಿಸಿತು.

ಚಪ್ಪರದೊಳಗೆ ಮೀನಿನ ಸಾರು, ಅಕ್ಕಿ ಹೆಂಡ, ದೊಡ್ಡ ಗದ್ದಲ. ಅಪ್ಪ ಕೋಲೂರಿಕೊಂಡು ಒಳಗೆ ಹೋಗಿ ಎರಡು ಹೆಜ್ಜೆ ಕುಣಿದರು. ಜನ ಮರ್ಯಾದೆಗೆ ನಕ್ಕರು. ಯಾರಿಗೂ ಗುರುತು ಹತ್ತಲಿಲ್ಲ. ಅಷ್ಟರಲ್ಲಿ ಮರಗಟ್ಟಿದ ಕಾಲು ತೊಡರಿ ಅವರು ಮುಗ್ಗರಿಸಿದರು. ಇನ್ನು ಮನೆಗೆ ಹೋಗೋಣ ಎಂದು ನಾನು ಎದ್ದೆ. ಅವರು ಮಾತ್ರ ಕೋಲು ಊರಿ ನಿಂತು, ಮುಖ ಮೇಲೆತ್ತಿ, ಮುದುಕಿಯ ಕೀರಲು ದನಿಯಲ್ಲಿ ಕಿರುಚಿದರು: "ಏ ಸೊಸೆ! ಅತ್ತೆ ಮುಖಕ್ಕೆ ಪೌಡರ್ ಹಾಕು ಅಂದ್ರೆ ವಿಮಾನ ಕಳಿಸ್ತೀಯೇನೇ?"

ಆ ಮೂಲೆಯಲ್ಲಿದ್ದ ಒಂಟಿಗೈಯ ಮನುಷ್ಯನೊಬ್ಬನ ಬಟ್ಟಲು ಕೆಳಗೆ ಬಿತ್ತು. "ಮುದ್ಕಿ!" ಎಂದು ಕೂಗಿದ. "ಆಲುವೊಯ್ ಕಾಡಲ್ಲಿ ಆಡಿದ ಮುದ್ಕಿ! ನಿಂಗಿನ್ನೂ ಸಾವು ಬಂದಿಲ್ವೇನೇ!"

ಅವರ ಹೆಸರು ಥುವಾತ್. ನಡೆದದ್ದನ್ನು ನಾನು ಮೊದಲು ಕೇಳಿದ್ದೇ ಅವರ ಬಾಯಿಂದ. ಆಟದ ನಡುವೆ ವಿಮಾನಗಳು ತೀರಾ ಕೆಳಗೆ ಹಾರಿ ಬಂದು, ಬಿಳಿ ಮಂಜಿನಂಥದ್ದು ವೇಷದವರ ಮೇಲೂ ಜನರ ಮೇಲೂ ಇಳಿಯಿತಂತೆ. ಎಲ್ಲರೂ ದಂಗಾಗಿ ಕೂತಿದ್ದಾಗ ಅಪ್ಪ ಈ ಮಾತು ಎಸೆದರು, ಜನ ಹೊಟ್ಟೆ ಹಿಡಿದು ನಕ್ಕರು. ಆಮೇಲೆ ಎಲೆಗಳು ಉದುರಿ ಕಾಡು ಬೋಳಾಯಿತು.

ಅಪ್ಪ ಬೆಂಚಿನ ಮೇಲೆ ಕುಸಿದು ಕೂತರು. "ಮುಖ ಮುಚ್ಕೊಳ್ಳಿ ಅನ್ಬೇಕಿತ್ತು. ನಾನು ಎಲ್ಲರ ಬಾಯಿ ತೆರೆಸಿಬಿಟ್ಟೆ," ಎಂದು ಅತ್ತರು ಮಗಳೇ. ಇಷ್ಟು ವರ್ಷ ನನ್ನ ಪಕ್ಕದಲ್ಲೇ ಮಲಗಿ ಈ ಭಾರ ಹೊತ್ತಿದ್ದರು.

ಥುವಾತ್ ತಮ್ಮ ಒಂದೇ ಕೈಯಿಂದ ಅವರ ಕಣ್ಣೊರೆಸಿದರು. "ಥೂ ಹುಚ್ಚ, ಅದು ಏನು ಅಂತ ಆಗ ಯಾರಿಗೆ ಗೊತ್ತಿತ್ತು? ಆ ಇಡೀ ಮಳೆಗಾಲದಲ್ಲಿ ನಾವು ನಕ್ಕಿದ್ದು ಅದೊಂದೇ ದಿನ ಕಣೋ. ಕೊಟ್ಟ ನಗು ವಾಪಸ್ ಕೇಳ್ಬೇಡ."

ಮುಂದಿನ ವಾರವೇ ಥುವಾತ್ ಮತ್ತವರ ಗೆಳೆಯರು ಜಿಯೆಪ್ ಎದುರು ಹಾಜರ್. ಎಲ್ಲರೂ ಒಟ್ಟಿಗೇ ಮಾತಾಡಿದರು. ಹುಡುಗಿಗೆ ತಲೆಬುಡ ತಿಳಿಯದೆ ಹೋದಾಗ ಅಪ್ಪ ಕಚೇರಿಯಲ್ಲೇ ಆ ದೃಶ್ಯ ಆಡಿ ತೋರಿಸಬೇಕಾಯಿತು. ಅವಳು ಮೇಜಿಗೆ ಹಣೆಯಿಟ್ಟು ನಕ್ಕಳು, ಆಮೇಲೆ ಕಣ್ಣೊರೆಸಿಕೊಂಡು ಒಬ್ಬೊಬ್ಬರ ಹೇಳಿಕೆಯನ್ನೂ ಬರೆದುಕೊಂಡಳು.

ಮಂಗಳವಾರ ಒಪ್ಪಿಗೆ ಬಂತು. ಅಪ್ಪ ಹಿರಿಯರ ಪೀಠದ ಮುಂದೆ ಊದುಬತ್ತಿ ಹಚ್ಚಿ, ಸತ್ತುಹೋದ ತಂಡದವರನ್ನು ಒಬ್ಬೊಬ್ಬರಾಗಿ ಹೆಸರು ಹಿಡಿದು ಕರೆದರು. "ನಮ್ಮ ಆಟದ ಟಿಕೆಟ್ ದುಡ್ಡು ಈಗ ಬಂತು ಕಣ್ರೋ," ಎಂದರು. ನನಗೆ ನಗುವೂ ಬಂತು, ಅಳುವೂ ಬಂತು.

ಬೇಸಿಗೆಗೆ ಬೊಂಗ್‌ಳನ್ನು ಕರೆದುಕೊಂಡು ಬಾ. ಥುವಾತ್ ಮಾಮನನ್ನು ಸೊಸೆ ಮಾಡಿ ಅಪ್ಪ ಆಟ ಕಲಿಸುತ್ತಿದ್ದಾರೆ. ಅಷ್ಟು ದಪ್ಪ ಮೀಸೆಯ ಸೊಸೆಯನ್ನು ನೀನು ಎಲ್ಲೂ ಕಂಡಿರಲಾರೆ.

ಒಂದು ರಾಶಿ ಮುತ್ತುಗಳೊಂದಿಗೆ,
ನಿನ್ನ ಅಮ್ಮ ಥೋಮ್

ಮರೆತ ಮಾತು: ಇದನ್ನು ನಾನು ಹೇಳಿದೆ ಎಂದು ಅಪ್ಪನಿಗೆ ಗೊತ್ತಾಗಬಾರದು. ಈ ಪಿಂಚಣಿ ಶುರುವಾಗಿ ವರ್ಷಗಳಾದರೂ ಅವರು ಸುಮ್ಮನಿದ್ದರು. ಮದ್ದು ಬಿದ್ದವನ ಮಗಳು ಎಂದು ಹೆಸರಾದರೆ ನಿನ್ನನ್ನು ಯಾರು ಮದುವೆಯಾಗುತ್ತಾರೆ ಎಂಬ ಭಯ. ನಿನ್ನ ಮದುವೆಯಾದ ಮೇಲೂ ಭಯ ಹೋಗಲಿಲ್ಲ; ಆ ವಿಷ ಹುಟ್ಟುವ ಮಗುವಿನ ಕೈಕಾಲಿಗೂ ಇಳಿದೀತೇನೋ ಎಂದು. ಬೊಂಗ್ ಹುಟ್ಟಿದಾಗ, ಮಗು ಕೈಕಾಲು ಬಡಿದುಕೊಂಡು ಅತ್ತು ಆಸ್ಪತ್ರೆಯೆಲ್ಲ ಒಂದು ಮಾಡುತ್ತಿದೆ ಎಂದು ನೀನು ಫೋನು ಮಾಡಿದೆಯಲ್ಲ, ಫೋನು ಇಟ್ಟವರೇ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಅರ್ಜಿ ಕೊಡಲು ಹೊರಟರು. ಅವತ್ತು ಭಾನುವಾರ, ಕಚೇರಿಗೆ ಬೀಗ. ಊರಿಗೆಲ್ಲ ಕೇಳುವ ಹಾಗೆ ಹಾಡಿಕೊಂಡು ಮನೆಗೆ ಬಂದರು.