ಎಡಗಡೆ ಕೂತವನಿಗೆ

ರೊಂಕಾಲ್ದೊ,
ಅಕ್ಟೋಬರ್ ೧೪, ೧೯೨೯

ಈ ಲಕೋಟೆ ಒಡೆದವರು ಯಾರೇ ಆಗಿರಲಿ, ಮೊದಲು ಇದನ್ನು ಓದಿ. ನೀವು ದಣಿಗಳ ಮನೆಯ ಪಾರುಪತ್ತೇಗಾರ ಆನ್ಸೆಲ್ಮೊ ಆಗಿದ್ದರೆ ನಿಮಗೆ ನಾಚಿಕೆಯಾಗಬೇಕು. ಭಾನುವಾರ ಬಲಿಪೂಜೆಯಲ್ಲಿ ಎಲ್ಲರಿಗಿಂತ ಮುಂದೆ ಮಂಡಿಯೂರುತ್ತೀರಿ, ಸೋಮವಾರ ಇನ್ನೊಬ್ಬರ ಮೊಮ್ಮಗನಿಗೆ ಬಂದ ಪತ್ರವನ್ನು ಹಬೆಗೆ ಹಿಡಿಯುತ್ತೀರಿ. ಓದಿ ಆಯಿತಲ್ಲ, ಮತ್ತೆ ಅಂಟಿಸಿ ಹುಡುಗನ ಕೈಗೆ ಕೊಡಿ. ಎಂಜಲು ಹಚ್ಚಿ ಅಂಟಿಸಬೇಡಿ.

ಪ್ರೀತಿಯ ಸೆವೆರೀನೊ,

ನಿನ್ನ ಕೆಮ್ಮು ಹೇಗಿದೆ? ಸರೋವರದ ಗಾಳಿ ಎದೆಗೆ ಒಳ್ಳೆಯದಲ್ಲ, ಉಣ್ಣೆಯ ಬನಿಯನ್ ಬಿಚ್ಚಬೇಡ. ಸ್ತ್ರೆಸಾದಲ್ಲಿ ದಣಿಗಳ ಆ ದೊಡ್ಡ ಮನೆಯಲ್ಲಿ, ಡ್ರೈವರನಾಗಿದ್ದ ನಿನ್ನನ್ನು ದೋಣಿ ತೊಳೆಯಲು ಹಾಕಿದ್ದಾರೆಂದು ಕೇಳಿದೆ. ಹೊಟ್ಟೆಗೆ ಬಿಸಿಯಾಗಿ ಏನಾದರೂ ಕೊಡುತ್ತಾರೋ, ಅಥವಾ ಅವರು ಉಣ್ಣುವುದನ್ನು ನೋಡಿಯೇ ತೃಪ್ತಿಪಡಬೇಕೋ? ನಾನು ಚೆನ್ನಾಗಿದ್ದೇನೆ. ಕೋಪ ಬಂದಾಗ ನನಗೆ ಮೊಣಕಾಲು ನೋಯುವುದಿಲ್ಲ, ಈ ತಿಂಗಳು ಒಂದು ದಿನವೂ ನೋಯಲಿಲ್ಲ.

ನಿನ್ನ ಪತ್ರ ಬಂತು. ‘ಅಜ್ಜಿ, ಕಾರು ಓಡಿಸ್ತಿದ್ದಿದ್ದು ನಾನೇ ಅಂತ ಹೇಳಿಬಿಟ್ಟಿದೀನಿ, ನೀನು ಸುಮ್ನಿರು’ ಎಂದು ಬರೆದಿದ್ದೀಯ. ಓದಿ ಒಲೆಗೆ ಹಾಕಬೇಕೆನಿಸಿತು, ಆದರೆ ಒಲೆಯ ಮೇಲೆ ಜೋಳದ ಹಿಟ್ಟಿನ ಪೊಲೆಂಟಾ ಬೇಯುತ್ತಿತ್ತು, ಅದಕ್ಕೆ ನಿನ್ನ ಸುಳ್ಳಿನ ವಾಸನೆ ಹತ್ತಬಾರದೆಂದು ಬಿಟ್ಟೆ. ಅಲ್ಲ ಕಣೋ, ನನಗೆ ಕಣ್ಣಿಲ್ಲವೆಂದುಕೊಂಡೆಯಾ? ಆ ದಿನ ನಾನು ಬಾಗಿಲ ಮುಂದಿನ ಕಲ್ಲಿನ ಮೇಲೆ ಕುಳಿತು ಹುರುಳಿಕಾಯಿಯ ಕಾಳು ಬಿಡಿಸುತ್ತಿದ್ದೆ. ದಣಿಗಳ ಆಲ್ಫಾ ಕಾರು ಇಳಿಜಾರಿನ ಕೆಳಗಿನಿಂದ ಏರಿ ಬಂತು. ಅದರ ದನಿ ಊರ ಸೇತುವೆಯ ಹತ್ತಿರವೇ ಗೊತ್ತಾಗುತ್ತದೆ, ನಮ್ಮ ಕೋಳಿಗಳಿಗೂ ಗೊತ್ತಾಗುತ್ತದೆ, ಮುಂಚೆಯೇ ಓಡಿಹೋಗಿ ಬೇಲಿ ಸೇರುತ್ತವೆ. ನೀನು ಎಡಗಡೆ, ನನ್ನ ಬಾಗಿಲ ಕಡೆಗೇ ಕುಳಿತಿದ್ದೆ. ಟೋಪಿ ಹಾರಿಹೋಗದಂತೆ ಎರಡೂ ಕೈಯಲ್ಲಿ ತಲೆಗೆ ಒತ್ತಿ ಹಿಡಿದುಕೊಂಡು ನನ್ನನ್ನು ನೋಡಿ ನಕ್ಕೆ. ಹಾಗಾದರೆ ಸ್ಟಿಯರಿಂಗ್ ಹಿಡಿದವರು ಯಾರು, ಸಂತ ಜೋಸೆಫರೇ? ಬಲಗಡೆ ಬಿಳಿ ಕೈಗವಸು ಹಾಕಿಕೊಂಡು ಹಲ್ಲು ಕಿರಿಯುತ್ತಿದ್ದವನು ದಣಿಗಳ ಮಗ ಗ್ವಾಲ್ತಿಯೇರೊ. ಇನ್ನೊಬ್ಬರ್‍ಯಾರೂ ಕಾರಿನಲ್ಲಿರಲಿಲ್ಲ.

ಡಾಕ್ಟರರ ಪುಟ್ಟ ಕಾರಿಗೆ, ರೊಟ್ಟಿಯ ವ್ಯಾನಿಗೆ ಸ್ಟಿಯರಿಂಗ್ ಎಡಗಡೆಗಿದೆ. ಇದಕ್ಕೇಕೆ ಬಲಗಡೆ ಎಂದು ಕಾರು ಬಂದ ವರ್ಷ ನಾನೇ ಕೇಳಿದ್ದೆ. ನೀನು ದೊಡ್ಡ ಪಂಡಿತನ ಹಾಗೆ ಹೇಳಿದ್ದೆ: ‘ಅಜ್ಜಿ, ಇದು ದೊಡ್ಡವರ ಕಾರು. ನಾವು ರಸ್ತೆಯ ಬಲಬದಿಗೆ ಹೋಗೋದು, ಘಾಟಿಲಿ ಪ್ರಪಾತ ಆ ಬದಿಗಿದ್ರೆ ಓಡಿಸೋನಿಗೆ ಅಂಚು ಕಾಣ್ಬೇಕಲ್ಲ.’ ಸರಿ, ಅಂಚು ಕಾಣಲಿ. ಮುಂದೆ ಲಾರಿ ಅಡ್ಡ ಇದ್ದರೆ? ಆಗ ಎದುರಿನಿಂದ ಬರುವುದು ಬಲಗಡೆಯವನಿಗೆ ಕಾಣುವುದಿಲ್ಲ. ಎಡಗಡೆ ಕೂತವನು ಕತ್ತು ಚಾಚಿ ನೋಡಿ ‘ಹೂಂ, ಹೋಗಿ’ ಅಥವಾ ‘ಬೇಡ, ತಡೀರಿ’ ಎನ್ನಬೇಕು. ದಣಿಗಳ ಮಗನಿಗೆ ತಾನೇ ಓಡಿಸುವ ಚಪಲ ಬಂದ ದಿನ ನಿನ್ನ ಕೆಲಸ ಅಷ್ಟೇ, ಕತ್ತು ಚಾಚುವುದು.

ಬಟ್ಟೆ ತೊಳೆಯುವ ಕಟ್ಟೆಯ ತಿರುವಿನಲ್ಲಿ ಮರದ ಲಾರಿ ಅಡ್ಡವಿತ್ತು. ನೀನೇ ಬರೆದಿದ್ದೀಯ, ‘ತಡೀರಿ ಅಂದೆ, ಅವರು ಕೇಳ್ಲಿಲ್ಲ, ಆದ್ರೂ ನೋಡೋ ಬದಿಗೆ ಕೂತಿದ್ದೋನು ನಾನೇ ಅಲ್ವಾ ಅಜ್ಜಿ’ ಎಂದು. ಇದಕ್ಕೇ ನನ್ನ ರಕ್ತ ಕುದಿಯುತ್ತಿರುವುದು. ತಡೆಯಿರಿ ಎಂದವನಿಗೆ ತಪ್ಪು ಹೇಗೆ ಬಂತೋ? ಹೇಳಿದ್ದು ನಿನ್ನ ಬಾಯಿ, ನುಗ್ಗಿಸಿದ್ದು ಅವನ ಕಾಲು. ಇಳಿದು ಬರುತ್ತಿದ್ದ ಚೆಲ್ಸೊನ ಹಾಲಿನ ಗಾಡಿಗೆ ಹೊಡೆದದ್ದು ಅವನ ಕಾರು. ಲಾರಿಯ ಹಿಂದಿನಿಂದ ಮೊದಲು ಹೊರಗೆ ಬಂದದ್ದು ಕಾರಿನ ಎಡಬದಿಯಾದ್ದರಿಂದ ಚೆಲ್ಸೊಗೆ ಕಂಡದ್ದು ನಿನ್ನ ಮುಖ ಮಾತ್ರ. ದಣಿಗಳ ಡ್ರೈವರನೆಂದರೆ ನೀನು, ಮುಖವೂ ನಿನ್ನದು, ಮೇಲೆ ನೀನೇ ಒಪ್ಪಿಕೊಂಡೆ. ಅವನು ಇನ್ನೇನನ್ನು ನಂಬಬೇಕು?

ಚೆಲ್ಸೊನ ಕಾಲು ಮೊಣಕಾಲಿನ ಕೆಳಗೆ ಎರಡು ಕಡೆ ಮುರಿದಿದೆ, ಹೇಸರಗತ್ತೆ ಅಲ್ಲೇ ಸತ್ತಿತು. ಬೆಳಗಿನ ಹಾಲು ಈಗ ಅವನ ಹೆಂಡತಿ ದೊಮೆನಿಕಾ ಬೆನ್ನ ಮೇಲೆ ಹೊತ್ತು ಇಳಿಸುತ್ತಾಳೆ. ಮೊನ್ನೆ ಕಟ್ಟೆಯಲ್ಲಿ ನನ್ನ ಪಕ್ಕದ ಕಲ್ಲು ಬಿಟ್ಟು ಎದ್ದುಹೋಗಿ ಆಚೆ ತುದಿಯಲ್ಲಿ ಬಟ್ಟೆ ಒಗೆದಳು. ‘ನಿಮ್ಮ ಮೊಮ್ಮಗ ನಮ್ಮನೆ ಚೆರಿ ತಿಂದೇ ಬೆಳೆದ ಕಣಮ್ಮ, ಈಗ ನನ್ನ ಗಂಡನ ಕಾಲು ತಿಂದ’ ಎಂದಳು. ಉಳಿದ ಹೆಂಗಸರು ನೊರೆ ನೋಡುತ್ತ ನಿಂತರು. ನಾನು ಎಂದಾದರೂ ಮಾತಿಗೆ ಮಾತು ಕೊಡದೆ ಬಂದದ್ದನ್ನು ನೋಡಿದ್ದೀಯಾ? ಅಂದು ಬಂದೆ. ನೀನು ಸುಮ್ಮನಿರು ಎಂದಿದ್ದೆಯಲ್ಲ.

ಅದಾದ ಮೇಲೆ ಆನ್ಸೆಲ್ಮೊ ಬಂದ, ಕಂಕುಳಲ್ಲಿ ವೈನಿನ ಬಾಟಲಿ, ಬಟ್ಟೆಯಲ್ಲಿ ಸುತ್ತಿದ ಗಿಣ್ಣು. ‘ಅಜ್ಜಿ, ಚಿಕ್ಕ ದಣಿಗೆ ವಸಂತದಲ್ಲಿ ಮದುವೆ, ಹೆಣ್ಣಿನ ಕಡೆಯವರು ಬಹಳ ದೊಡ್ಡೋರು. ಕೋರ್ಟು ಕಚೇರಿ ಅಂದ್ರೆ ಚೆನ್ನಾಗಿರಲ್ಲ. ಸೆವೆರೀನೊಗೇನು, ಬಡ ಹುಡುಗ, ನಾಲ್ಕು ದಿನ ಮಾತಾಡಿ ಜನ ಮರೀತಾರೆ’ ಎಂದ. ಅಂದರೆ ಅವನ ಹೆಸರು ಹೆಸರು, ನಿನ್ನದು ಒರೆಸುವ ಬಟ್ಟೆ. ನಿನ್ನ ತಾಯಿ ಸಾಯುವ ಮುನ್ನ ಆ ಹೆಸರನ್ನು ನನ್ನ ಕೈಗೆ ಕೊಟ್ಟು ಹೋದಳು, ಅವರ ಹೊಸ ಬೀಗರ ಮುಂದೆ ಕಾಲೊರೆಸಿಕೊಳ್ಳುವುದಕ್ಕಲ್ಲ. ‘ಗಿಣ್ಣು ಚೆಲ್ಸೊನ ಮನೆಗೆ ಕೊಡಿ, ಹಾಲು ಅವರದ್ದೇ ಚೆಲ್ಲಿದ್ದು’ ಎಂದೆ. ಅವನು ಬಾಟಲಿಯನ್ನಾದರೂ ಇಡಲು ನೋಡಿದ. ಪೊರಕೆ ತೆಗೆದುಕೊಂಡೆ, ಹೋದ.

ಲೈಸೆನ್ಸು ಹೋದರೆ ನೀನು ಯಾರ ಕಾರಿನ ಬಾಗಿಲೂ ಮುಟ್ಟುವಂತಿಲ್ಲ. ದಣಿಗಳು ಜಾಗ ಉಳಿಸುತ್ತಾರೆಂದು ನಂಬಿದ್ದೀಯ. ಮದುವೆಯಾಗಿ ಹುಡುಗಿ ಅವರ ಮನೆ ಸೇರಿದ ಮೇಲೆ, ಹಾಲಿನವನ ಕಾಲು ಮುರಿದ ಆ ಡ್ರೈವರನನ್ನು ಇನ್ನೂ ಇಟ್ಟುಕೊಂಡಿದ್ದೀರಾ ಎಂದು ಅವಳೇ ಕೇಳುತ್ತಾಳೆ. ಆಗ ಗ್ವಾಲ್ತಿಯೇರೊ ಏನು ಹೇಳುತ್ತಾನೆ, ಇಲ್ಲ ಕಣೇ, ಮುರಿದದ್ದು ನಾನು ಎಂದೇ?

ಬೈದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ನೀನು ಕೆಟ್ಟವನಲ್ಲ, ದೊಡ್ಡವರೆದುರು ಬಗ್ಗಿ ಬಗ್ಗಿ ನಿನ್ನ ಬೆನ್ನು ಅದನ್ನೇ ಕಲಿತಿದೆ. ಮಾತೆ ಮರಿಯಳು ನಿನ್ನನ್ನು ಕಾಯಲಿ, ನಿಜ ಹೇಳುವಷ್ಟು ಧೈರ್ಯವನ್ನೂ ಕೊಡಲಿ. ಪಾದ್ರಿಗಳು ನಿನ್ನನ್ನು ನೆನೆಸಿಕೊಂಡರು. ಕೋಳಿಗಳು ಚೆನ್ನಾಗಿವೆ.

ನಿನ್ನ ಅಜ್ಜಿ
ಪಲ್ಮೀರಾ

ಮರೆತಿದ್ದೆ: ನಿನ್ನೆ ಪೊಲೀಸ್ ಠಾಣೆಗೆ ಹೋಗಿದ್ದೆ. ಕಂಡದ್ದನ್ನೆಲ್ಲ ಹೇಳಿದೆ, ಅಧಿಕಾರಿ ಬರೆದುಕೊಂಡರು, ಕೆಳಗೆ ನನ್ನ ಪೂರ್ತಿ ಹೆಸರು ಬರೆದು ಬಂದೆ. ನವೆಂಬರಿನಲ್ಲಿ ನ್ಯಾಯಾಧೀಶರು ನಮ್ಮಿಬ್ಬರನ್ನೂ ಒಂದೇ ದಿನ ಕರೆಸುತ್ತಾರಂತೆ. ಓಡಿಸಿದ್ದು ನಾನೇ ಎಂದು ನೀನು ಇನ್ನೊಮ್ಮೆ ಹೇಳಿದರೆ, ಸುವಾರ್ತೆಯ ಮೇಲೆ ಕೈಯಿಟ್ಟು ಸುಳ್ಳು ಹೇಳಿದವಳು ನಾನಾಗುತ್ತೇನೆ. ಆಮೇಲೆ ನನ್ನನ್ನು ಒಳಗೆ ಹಾಕುವುದೋ ಬಿಡುವುದೋ ಅವರಿಗೆ ಬಿಟ್ಟದ್ದು. ಯಾವ ಬದಿಗೆ ಕುಳಿತಿದ್ದೆ ಎಂದು ಬರೆ, ಒಂದೇ ಮಾತು ಸಾಕು. ನವೆಂಬರ್ ಬರುವುದರೊಳಗೆ ಉತ್ತರ ನನ್ನ ಕೈಯಲ್ಲಿರಬೇಕು.