ಬೇಲಿಯ ಹೊರಗೊಂದು ಗಿಡ

ಫೆಬ್ರವರಿ 3
ಬೇಲಿ ಮುಗಿಯಿತು. ಅಂಗೈ ತುಂಬ ತಂತಿ ಗೀರು. ಶಾಲೆ ಬಿಟ್ಟು ಬೀದಿ ಸುತ್ತುವ ಬದಲು ಈ ಕುರುಚಲು ಗುಡ್ಡ ಕಾಯಲಿ ಎಂದು ಅಕ್ಕ ನನ್ನನ್ನು ಇಲ್ಲಿಗೆ ತಂದು ಹಾಕಿದ್ದಾಳೆ. ಅವಳ ಸಂಶೋಧನೆಯ ಹೂವು ಇರುವುದು ಇಲ್ಲಿ ಮಾತ್ರ. ಅಂಗಿಗುಂಡಿಗಿಂತ ಚಿಕ್ಕದು, ತಿಳಿನೇರಳೆ, ನಾಲ್ಕೇ ಎಸಳು. ಎಲೆಗಳು ನೆಲಕ್ಕೆ ಅಂಟಿಕೊಂಡು ಬಿಲ್ಲೆಯ ಹಾಗೆ. ಒಂದೇ ಋತುವಿನ ಬಾಳು — ಬೀಜ ಉದುರಿಸಿ ಸಾಯುತ್ತದೆ. ಬೀಜ ಬೀಳದಿದ್ದರೆ ಮುಂದಿನ ವರ್ಷ ಇಲ್ಲ.

"ಒಂದು ಮೇಕೆ ಒಳಗೆ ಬಂದ್ರೂ ಕಿವಿ ಹಿಂಡ್ತೀನಿ" ಅಂದಳು.

ಫೆಬ್ರವರಿ 19
ಅಕಾಲದ ಮಳೆ ಬಿದ್ದದ್ದೇ, ಬೇಲಿಯೊಳಗೆ ಹುಲ್ಲು ಗೇಣುದ್ದ ಬಂದಿದೆ. ಮೇಕೆ ಕಾಯುವ ಅಜ್ಜಿ ತಂತಿ ಹಿಡಿದು ನಿಂತು ಅಕ್ಕನನ್ನು ಕೇಳಿದಳು, "ಇಷ್ಟೊಂದು ಮೇವು ಯಾರಿಗಮ್ಮಾ? ನೀನೇ ಮೇಯ್ತೀಯಾ?"

ನಕ್ಕುಬಿಟ್ಟೆ. ಅಕ್ಕ ನಗಲಿಲ್ಲ.

ಮಾರ್ಚ್ 8
ಮಂಡಿಯೂರಿ ಹುಲ್ಲು ಬಗೆದು ನೋಡಿದೆ. ಬಿಲ್ಲೆಗಳೆಲ್ಲ ಹಳದಿ, ಮುಟ್ಟಿದರೆ ಕೈಗೆ ಲೋಳೆ. ಒಂದೂ ಮೊಗ್ಗಿಲ್ಲ. ಅದಕ್ಕೆ ಬೇಕಿದ್ದದ್ದು ಬೋಳು ನೆಲ, ನೇರ ಬಿಸಿಲು. ನೆಲವನ್ನು ಬೋಳಾಗಿ ಇಟ್ಟಿದ್ದದ್ದು ಮೇಕೆಗಳು. ಕಲ್ಲು ಹೊಡೆದು ಓಡಿಸಿದ್ದು ನಾನು...

ಅಕ್ಕನೂ ಹುಲ್ಲು ಬಗೆದು ನೋಡಿದಳು. ನಾಳೆ ಅರಣ್ಯ ಇಲಾಖೆಯ ಸಾಹೇಬರು ನೋಡಲು ಬರುತ್ತಾರೆ. ಹೂವಿದ್ದರೆ ಗುಡ್ಡ ಉಳಿಯುತ್ತದೆ. ಇಲ್ಲದಿದ್ದರೆ ಕಲ್ಲು ಕ್ವಾರಿಗೆ.

"ಹೋದ ವರ್ಷದ ಫೋಟೋ ಇದೆ. ಈ ಸಲದ್ದೇ ಅಂತೀನಿ. ನೀನು ಬಾಯಿ ಮುಚ್ಕೊಂಡಿರು ಸಾಕು."

"ನನ್ನ ಕೇಳಿದ್ರೆ?"

"ಹೂಂ ಅನ್ನು. ಗಂಟು ಹೋಗುತ್ತಾ ನಿಂದು?"

ಮಾರ್ಚ್ 9
ಈ ಸಲ ಹೂ ಬಿಟ್ಟಿದೆಯಾ ಅಂತ ಸಾಹೇಬರು ನನ್ನನ್ನೇ ಕೇಳಿದರು. "ಇಲ್ಲ ಸಾರ್" ಅಂದೆ. "ಬೇಲಿ ಹಾಕಿ ನಾವೇ ಸಾಯಿಸಿದ್ವಿ."

ಬಸ್ಸಿನಲ್ಲಿ ಅಕ್ಕ ಬೇರೆ ಸೀಟಿನಲ್ಲಿ ಕೂತಳು.

ಮಾರ್ಚ್ 21
ಗುಡ್ಡದ ತುಂಬ ಕ್ವಾರಿಯವರು ನೆಟ್ಟ ಕೆಂಪು ಬಾವುಟ. ಬೇಲಿ ಬಿಚ್ಚಲು ಒಬ್ಬನೇ ಹೋದೆ. ಹೊರಗೆ, ಮೇಕೆಗಳ ಕಾಲುದಾರಿಯಲ್ಲಿ, ಗೊರಸಿನ ಗುರುತಿನ ಪಕ್ಕ — ಒಂದೇ ಒಂದು ಗಿಡ. ಎಸಳು ಉದುರಿ ಕಾಯಿ ಕಟ್ಟಿದೆ. ಸಾಹೇಬರಿಗೆ ಫೋನ್ ಮಾಡಿದೆ. "ಆರ್ಡರ್ ಆಗೋಯ್ತಪ್ಪ" ಅಂದು ಇಟ್ಟರು.

ಅಕ್ಕನಿಗೆ ಹೇಳಿದೆ. ಆವತ್ತಿನಿಂದ ಇದೇ ಮೊದಲ ಮಾತು.

"ಕಾಯಿ ಕಂದಾಗೋವರೆಗೂ ಕೀಳಬೇಡ. ಎಳೆ ಬೀಜ ಮೊಳೆಯಲ್ಲ."

"ಬೇರು ಸಮೇತ ತರ್ಲಾ?"

"ಬೇರು ಅಲುಗಿದ್ರೆ ಮುಗೀತು."

ಮಾರ್ಚ್ 24, ಬೆಳಿಗ್ಗೆ
ಕಾಯಿಯ ತುದಿ ಮಾತ್ರ ಕಂದು. ಕೆಳಗಿನಿಂದ ಬುಲ್ಡೋಜರ್ ಹತ್ತುವ ಸದ್ದು. ಗಿಡಕ್ಕೆ ಅಡ್ಡ ಕೂತಿದ್ದೇನೆ. ಅಕ್ಕನೂ ಬಂದು ಪಕ್ಕ ಕೂತಳು. "ಇನ್ನೂ ಎರಡು ಬಿಸಿಲು ಬೇಕು ಕಣೋ" ಅಂದಳು. ಅತ್ತಿದ್ದಾಳೆ.

ಸದ್ದು ನಿಂತಿತು. ಡ್ರೈವರ್ ಇಳಿದು ಬರುತ್ತಿದ್ದಾನೆ. ಏನಿದೆ ಇಲ್ಲಿ ಅಂತ ಕೇಳುತ್ತಾನೆ. ಏನು ತೋರಿಸಲಿ — ಒಂದು ಕಾಯಿ, ಅದೂ ಅರ್ಧ ಬಲಿತದ್ದು —