ಹೊಲಿಯದೆ ಉಳಿದ ಪುಟ

ಮಸೂತಿ,
೧೨ ಡಿಸೆಂಬರ್ ೧೯೬೧

ಪ್ರೀತಿಯ ರಾಜಬಿ,

ನಿನ್ನ ಗಂಡ ಅಪರಾಧಿ. ಕೊಂದವರಿಗೆ ಕಾಯಿದೆಯಲ್ಲಿ ಕಲಮುಗಳಿವೆ. ಸತ್ತವರನ್ನು ಬದುಕಿಸಿದವನಿಗೆ ಯಾವ ಕಲಮು ಹಚ್ಚುತ್ತಾರೋ ತಿಳಿಯದು. ನಿನ್ನೆ ಸಂಜೆ, ನೆರೆಹೊರೆಯವರ ಕಣ್ಣೆದುರೇ, ನಾನು ಆ ಕೃತ್ಯ ಎಸಗಿದೆ. ವಿವರಕ್ಕೆ ಮೊದಲು ಹೇಳು: ಕಾಲಿನ ಬಾವು ಇಳಿಯಿತೇ? ಹೊಟ್ಟೆಯೊಳಗಿನ ಪೈಲವಾನ ಇನ್ನೂ ಒದೆಯುತ್ತಾನೆಯೇ? ಒದೆಯಲಿ ಬಿಡು, ಅಪ್ಪನ ಗುಣ ಬಂದಿಲ್ಲವೆಂದು ಸಮಾಧಾನಪಡು.

ಅವ್ವನ ಸ್ಥಿತಿ ನಿನಗೆ ಗೊತ್ತೇ ಇದೆ. ನಮ್ಮ ಮೋತಿ ಎತ್ತು ಸತ್ತ ಮೇಲೆ ಕೊಟ್ಟಿಗೆಯತ್ತ ಮುಖ ಹಾಕಲಿಲ್ಲ. ಅರ್ಧ ರೊಟ್ಟಿಗೇ ಕೈ ತೊಳೆಯುತ್ತಿದ್ದಳು. ಸಂಜೆ ಕಟ್ಟೆಯ ಮೇಲೆ ನೀನು ಕಾದಂಬರಿ ಓದುವಾಗ ಮಾತ್ರ ಹೊರಗೆ ಬಂದು ಕೂಡುತ್ತಿದ್ದಳು. ಅದೂ ತಪ್ಪಬಾರದೆಂದು ನೀನು ಪ್ರತಿ ಪುಸ್ತಕವನ್ನೂ ಮುಂಚೆಯೇ ಓದಿ, ಪ್ರಾಣಿ ಸಾಯುವ ಪುಟಗಳನ್ನು ದಾರದಿಂದ ಹೊಲಿದುಬಿಡುತ್ತಿದ್ದೆ. ನಿನ್ನ ಸೂಜಿಯ ಸೋಜಿಗಕ್ಕೆ ಇಡೀ ಕಟ್ಟೆಯೇ ಒಗ್ಗಿಹೋಗಿದೆ. ಹೊಲಿಗೆ ಬಂತೆಂದರೆ ನೆರೆಮನೆಯ ಹುಲಿಗೆವ್ವ "ಪಾಪ, ಯಾವುದೋ ಹೋತು" ಎಂದು ಎಲೆಯಡಿಕೆ ತೆಗೆಯುತ್ತಾಳೆ, ಅವಳ ಗಂಡ ಧರೆಪ್ಪ ಕಾಕಾ ಬೀಡಿ ಹಚ್ಚುತ್ತಾನೆ, ಓದು ಹೊಲಿಗೆಯ ಆಚೆ ದಡದಿಂದ ಮುಂದುವರಿಯುತ್ತದೆ.

ಈ ಸಲ ನಿನ್ನ ತವರಿನ ಗಾಡಿ ಅವಸರ ಮಾಡಿತು. ಪುಸ್ತಕದ ಅರ್ಧಕ್ಕೇ ದಾರ ನಿಂತಿತು, ಓದುವ ಹೊಣೆ ವಿಜಾಪುರದ ಕಾಲೇಜಿನಲ್ಲಿ ಬಿ.ಎ. ಮುಗಿಸಿದ ಈ ಕಲ್ಲೆದೆಯ ಮಾಸ್ತರನ ಪಾಲಾಯಿತು. ನಿನ್ನೆ ಕಥೆಯ ರೈತ ತುಂಬಿದ ಹಳ್ಳಕ್ಕೆ ಗಾಡಿ ಇಳಿಸಿದ. ಅವನ ಎತ್ತು ಕೆಂಚ ಕೆಸರಿನಲ್ಲಿ ಸಿಕ್ಕಿ ಮೊಳಕಾಲೂರಿತು. ಅವ್ವ ಏಳಲು ನೋಡಿದಳು. ಈಗ ಎದ್ದು ಒಳಗೆ ಹೋದರೆ ಮತ್ತೆ ಕಟ್ಟೆಗೆ ಬರುವವಳಲ್ಲ! ನಾನು ಪುಟ ಮಗುಚಿ, ದನಿಯೇರಿಸಿ, ಪುಸ್ತಕದಲ್ಲಿ ಇಲ್ಲದ್ದನ್ನು ಓದಿದೆ: "ಆಗ ಕೆಂಚ ಬಾಲ ಝಾಡಿಸಿ ಎದ್ದು, ಗಾಡಿಯನ್ನೂ ಗಾಡಿಯವನನ್ನೂ ದಡಕ್ಕೆ ಎಳೆದೊಗೆಯಿತು!" ಎತ್ತನ್ನು ಎತ್ತಿದವನು ನಾನು, ರಾಜಬಿ!

"ಶಬ್ಬಾಸ್ ಮಗನ!" ಎಂದು ಧರೆಪ್ಪ ಕಾಕಾ ತೊಡೆ ತಟ್ಟಿದ. ಆಮೇಲೆ ಶುರುವಾಯಿತು ಫಜೀತಿ. ಮುಂದಿನ ಪುಟದಲ್ಲಿ ರೈತ ಬಿಕ್ಕಿ ಬಿಕ್ಕಿ ಅಳುತ್ತಿದ್ದಾನೆ. "ಎತ್ತು ಎದ್ದೈತಿ, ಇವ ಯಾಕ ಅಳಾಕತ್ತಾನೋ?" ಎಂದ ಕಾಕಾ. ಸಂತೋಷಕ್ಕೆ ಎಂದೆ. ಅದರಾಚೆಗೆ ರೈತ ಸಂತೆಗೆ ಹೋಗಿ ಹೊಸ ಎತ್ತು ತಂದ. "ಎರಡ ಅದಾವಲ್ಲೋ, ಮೂರನೇದ್ದನ್ನ ಎಲ್ಲಿ ಹೂಡತಾನ?" ನಾನು ಮೂರನೆಯದಕ್ಕೆ ಕೆಲಸ ಹುಡುಕುತ್ತ ಪುಟ ತಿರುವಿದೆ. ಆಗ ಅವ್ವ ಬಾಯಿಬಿಟ್ಟಳು: "ಕೆಂಚ ದಣದೈತಿ. ಒಂದ ವರ್ಷ ಕೂತು ಮೇವು ತಿನ್ನಲಿ ಬಿಡೋ ಧರೆಪ್ಪ, ನಿನ್ನಂಗ!" ಕಟ್ಟೆಗೆ ಕಟ್ಟೆಯೇ ನಕ್ಕಿತು, ಅವ್ವ ಎಲ್ಲರಿಗಿಂತ ಜೋರಾಗಿ. ಊಟಕ್ಕೆ ಕೂತವಳು ಇನ್ನೊಂದು ರೊಟ್ಟಿ ಕೇಳಿದಳು. ಇವತ್ತು ಬೆಳಿಗ್ಗೆ ತಾನೇ ಹೋಗಿ ಕೊಟ್ಟಿಗೆ ಗುಡಿಸುತ್ತಿದ್ದಾಳೆ. ನಿನ್ನ ಸೂಜಿಯಿಂದ ಆಗದ್ದು ನನ್ನ ನಾಲಿಗೆಯಿಂದ ಆಯಿತೆಂದು ಒಪ್ಪಿಕೊ.

ಅತ್ತೆ-ಮಾವನವರಿಗೆ ಸಲಾಮು ತಿಳಿಸು. ನಿನ್ನನ್ನೂ ಪೈಲವಾನನನ್ನೂ ಅಲ್ಲಾ ಸುಖವಾಗಿಡಲಿ.

ಎತ್ತಿನ ಪ್ರಾಣದಾತನೂ ನಿನ್ನ ಗಂಡನೂ ಆದ
ಜೈನುದ್ದೀನ

ತಾ.ಕ.: ಟಪಾಲಿನವನು ಬಾಗಿಲಲ್ಲಿ ಅವಸರ ಮಾಡುತ್ತಿದ್ದಾನೆ. ಕಸಬರಿಗೆ ಹಿಡಿದೇ ಅವ್ವ ಈಗ ಅಂದದ್ದು: "ಮೋತಿ ತಲಿ ತೊಡಿ ಮ್ಯಾಲ ಇಟಗೊಂಡು ಕಳಿಸಿಕೊಟ್ಟಾಕಿ ನಾ. ಹಾಳಿ ಮ್ಯಾಲಿನ ಎತ್ತಿಗೆ ಅಂಜತೇನೇನ? ನಿನ್ನ ಹೇಣ್ತಿ ಹೊಲಿಯೂದು ನಿನ್ನ ಸಲುವಾಗಿ. ನಿನ್ನಿ ನಿನ್ನ ದನಿ ಒಡದದ್ದು ಕೇಳಿ ನೀರು ತರಾಕ ಎದ್ದಿದ್ನಿ." ನಿಜ ರಾಜಬಿ, ಆ ಪುಟ ನಾನೂ ಓದಿಲ್ಲ, ಕಣ್ಣು ಮುಚ್ಚಿಕೊಂಡು ಮಗುಚಿದೆ. ಪುಸ್ತಕವನ್ನು ಬೇರೆ ಕಟ್ಟಿನಲ್ಲಿ ಕಳಿಸುತ್ತಿದ್ದೇನೆ. ದಪ್ಪ ದಾರ ಹಾಕಿ ಹೊಲಿ. ಅಪ್ಪಿತಪ್ಪಿ ಕೆಂಚ ಬದುಕಿದ್ದರೆ ಮಾತ್ರ ತಂತಿ ಹೊಡಿ.